ಎಡಿಸನ್ನಿನಲ್ಲಿ ಮಗಳ ಕಾಲೇಜು, ಹಾಸನದಲ್ಲಿ ಸೈಟು

ಅಕ್ಕ ಎಂದು ಕರೆದು ಕೇಳಿದ್ದೀರಿ, ಆದ್ದರಿಂದ ಅಕ್ಕನ ಸಲಿಗೆಯಲ್ಲೇ ಉತ್ತರಿಸುತ್ತೇನೆ. ನಿಮ್ಮ ಯಜಮಾನರ ಅಣ್ಣ ಹಿಂದೆಂದೋ ಹಾಕಿದ್ದ ಅರ್ಜಿಯ ಮೇಲೆ ಗ್ರೀನ್ ಕಾರ್ಡ್ ಸಿಕ್ಕಿ, 2025ರ ಮೇ ತಿಂಗಳಲ್ಲಿ ಹಾಸನದಿಂದ ನ್ಯೂಜೆರ್ಸಿಯ ಎಡಿಸನ್ನಿಗೆ ಬಂದಿದ್ದೀರಿ. ಮಗಳು 2026ರ ಆಗಸ್ಟ್ ಹೊತ್ತಿಗೆ ಕಾಲೇಜು ಸೇರಬೇಕು. ಖಾಸಗಿ ವಿಶ್ವವಿದ್ಯಾಲಯವೊಂದರ ವಾರ್ಷಿಕ ಖರ್ಚು 85 ಸಾವಿರ ಡಾಲರು ಎಂದು ಓದಿ ನಿಮ್ಮ ಎದೆ ಧಸಕ್ಕೆಂದಿದೆ. ಬಂದು ವರ್ಷ ತುಂಬದವರು ನೆರವು ಕೇಳಬಹುದೇ, ಊರಿನ ಸೈಟು ಜಮೀನು ತೋರಿಸಬೇಕೇ, ಕೊನೆಗೆ ಸಾಲವೇ ಗತಿಯೇ ಎಂಬುದು ನಿಮ್ಮ ಪ್ರಶ್ನೆ.

ಕೇಳಬಹುದು. ಕೇಂದ್ರ ಸರ್ಕಾರದ ನೆರವಿಗೆ ಇಲ್ಲಿ ನೋಡುವುದು ವಿದ್ಯಾರ್ಥಿಯ ವಲಸೆ ಸ್ಥಾನಮಾನವನ್ನೇ ಹೊರತು ಬಂದು ಎಷ್ಟು ತಿಂಗಳಾಯಿತು ಎಂಬುದನ್ನಲ್ಲ. ನಿಮ್ಮ ಮಗಳ ಕೈಯಲ್ಲಿ ಗ್ರೀನ್ ಕಾರ್ಡ್ ಇರುವುದರಿಂದ ಇಲ್ಲೇ ಹುಟ್ಟಿದ ಮಕ್ಕಳಂತೆಯೇ ಅವಳೂ ಅರ್ಹಳು. ನಿಮ್ಮ ಪಕ್ಕದ ಮನೆಯವರು "ನಮಗೆ ಇಲ್ಲ ಎಂದರು" ಎಂದು ಹೇಳಿದ್ದರೆ ಅದೂ ಸುಳ್ಳಲ್ಲ; ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಬಂದವರ, ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಮಕ್ಕಳಿಗೆ ಈ ನೆರವು ಸಿಗುವುದಿಲ್ಲ. ಆದರೆ ಅದೇ ಮನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಿರಿಯ ಮಗುವಿದ್ದರೆ ಅದಕ್ಕೆ ಸಿಗುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ಲೆಕ್ಕ ಎಂಬುದು ನಮ್ಮವರಲ್ಲಿ ಅನೇಕರಿಗೆ ಕೊನೆಯ ಗಳಿಗೆಯವರೆಗೂ ತಿಳಿದಿರುವುದಿಲ್ಲ.

ನಾವು ಸಿಇಟಿ ರ‍್ಯಾಂಕು ಬಂದ ಮೇಲೆ ಸೀಟು, ಸೀಟಿಗೆ ತಕ್ಕ ಶುಲ್ಕ ಎಂಬ ಕ್ರಮದಲ್ಲಿ ಬೆಳೆದವರು. ಸರ್ಕಾರಿ ಕೋಟಾ ಆದರೆ ಇಷ್ಟು, ಮ್ಯಾನೇಜ್‌ಮೆಂಟ್ ಕೋಟಾ ಆದರೆ ಅಷ್ಟು ಎಂದು ಮೊದಲೇ ಗೊತ್ತಿರುತ್ತಿತ್ತು. ಇಲ್ಲಿ ಕಾಲೇಜು ಪ್ರಕಟಿಸುವ ಮೊತ್ತ ಬಹಳಷ್ಟು ಕುಟುಂಬಗಳು ಕಟ್ಟುವ ಮೊತ್ತವಲ್ಲ. ಮನೆಯ ಲೆಕ್ಕ ಪರಿಶೀಲಿಸಿದ ಮೇಲೆ ನಿಮ್ಮ ಪಾಲು ಎಷ್ಟೆಂದು ಹೇಳುತ್ತಾರೆ. ಆ ಪರಿಶೀಲನೆಯ ಮೊದಲ ಮೆಟ್ಟಿಲೇ ಎಲ್ಲರೂ ಫಾಫ್ಸಾ ಎಂದು ಕರೆಯುವ ಅರ್ಜಿ. ಅದನ್ನು ಸರ್ಕಾರದ ಸ್ಟೂಡೆಂಟ್ ಏಡ್ ಜಾಲತಾಣದಲ್ಲಿ ತುಂಬಬೇಕು, ಅದಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ. ಇಂಡಿಯನ್ ಗ್ರೋಸರಿ ಅಂಗಡಿಯ ಬಾಗಿಲಲ್ಲಿ "ನಾವು ತುಂಬಿಕೊಡುತ್ತೇವೆ, 500 ಡಾಲರು" ಎಂಬ ಚೀಟಿ ಕಂಡರೆ ತರಕಾರಿ ಕೊಂಡು ಮನೆಗೆ ಬನ್ನಿ.

ಅರ್ಜಿಗೆ ಮೊದಲು ಮಗಳಿಗೊಂದು, ಗಂಡಹೆಂಡಿರು ಜಂಟಿಯಾಗಿ ತೆರಿಗೆ ರಿಟರ್ನ್ ಸಲ್ಲಿಸದ ಕಾರಣ ನಿಮ್ಮಿಬ್ಬರಿಗೂ ಒಂದೊಂದು ಖಾತೆ ತೆರೆಯಬೇಕು. ಇಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ತಂದೆಯ ಹೆಸರೋ ಊರಿನ ಹೆಸರೋ ಇನಿಷಿಯಲ್ಲಾಗಿದ್ದು, ಪಾಸ್‌ಪೋರ್ಟಿನಲ್ಲಿ ಹಿಗ್ಗಿ, ವೀಸಾದಲ್ಲಿ ಅದಲುಬದಲಾಗಿ ಬಂದಿರುತ್ತದೆ. ಒಂದೇ ಹೆಸರಿದ್ದವರಿಗಂತೂ ಮುಂದೆ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ತಿಳಿಯದು, ಎಂಬ ಬಾಲ ಅಂಟಿರುತ್ತದೆ. ಸೋಶಿಯಲ್ ಸೆಕ್ಯುರಿಟಿ ಕಾರ್ಡಿನ ಮೇಲೆ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ ಬರೆಯಿರಿ. ತೆರಿಗೆ ಇಲಾಖೆಯಿಂದ ಮಾಹಿತಿ ಪಡೆಯಲು ಒಪ್ಪಿಗೆ ಕೇಳುವ ಪುಟದಲ್ಲಿ, ಇಲ್ಲಿ ತೆರಿಗೆಯನ್ನೇ ಕಟ್ಟಿಲ್ಲದವರೂ ಒಪ್ಪಿಗೆ ಕೊಡಲೇಬೇಕು, ಇಲ್ಲವಾದರೆ ಕೇಂದ್ರದ ನೆರವು ಸಿಗುವುದೇ ಇಲ್ಲ.

ಆದಾಯದ ವಿಷಯದಲ್ಲಿ ನಿಮ್ಮದು ಸ್ವಲ್ಪ ವಿಶೇಷ ಪ್ರಸಂಗ. 2026-27ರ ಸಾಲಿಗೆ ಅವರು ಕೇಳುವುದು 2024ರ ಆದಾಯವನ್ನು, ಆಗ ನೀವು ಹಾಸನದಲ್ಲೇ ಇದ್ದಿರಿ. ಆದ್ದರಿಂದ ನಿಮ್ಮ ಯಜಮಾನರ ಫಾರ್ಮ್ 16 ಮತ್ತು ಆದಾಯ ತೆರಿಗೆ ರಿಟರ್ನನ್ನು ಹುಡುಕಿ ಇಟ್ಟುಕೊಳ್ಳಿ. ರೂಪಾಯಿಯ ಮೊತ್ತವನ್ನು ಅರ್ಜಿ ತುಂಬುವ ದಿನದ ವಿನಿಮಯ ದರದಲ್ಲಿ ಡಾಲರಿಗೆ ಪರಿವರ್ತಿಸಿ ಕೈಯಿಂದ ನಮೂದಿಸಬೇಕು. ಅದು ಇಲ್ಲಿನ ಕಣ್ಣಿಗೆ ಬಹಳ ಸಣ್ಣ ಮೊತ್ತವಾಗಿ ಕಾಣುತ್ತದೆ, ಅದಕ್ಕೆ ಸಂಕೋಚಪಡಬೇಡಿ, ನಿಯಮವೇ ಹಾಗಿದೆ. ಕಾಲೇಜಿನವರು ದಾಖಲೆ ಕೇಳಿದರೆ ಕೊಡಲು ಸಿದ್ಧರಾಗಿರಿ, ಅಷ್ಟೇ.

ಇನ್ನು ಸೈಟು. ಈ ಒಂದು ವಿಷಯಕ್ಕೆ ನಮ್ಮವರು ಪಡುವಷ್ಟು ಭಯ, ಕೊಡುವಷ್ಟು ಕೆಟ್ಟ ಸಲಹೆ ಬೇರಾವುದರಲ್ಲೂ ಇಲ್ಲ. "ಹಾಸನದ್ದು ಇವರಿಗೆ ಹೇಗೆ ಗೊತ್ತಾಗುತ್ತದೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟರೆ 20,000 ಡಾಲರಿನವರೆಗೆ ದಂಡ, ಸೆರೆವಾಸವೂ ಉಂಟು. ಅದಕ್ಕಿಂತ ಹೆಚ್ಚಾಗಿ, ಮುಚ್ಚಿಡುವಷ್ಟು ದೊಡ್ಡ ನಷ್ಟವೂ ಇದರಲ್ಲಿಲ್ಲ. ನೀವು ವಾಸಿಸುವ ಮನೆಯನ್ನೂ 401(ಕೆ) ತರಹದ ನಿವೃತ್ತಿ ಖಾತೆಗಳನ್ನೂ ಫಾಫ್ಸಾ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರೆ ಸ್ಥಿರಾಸ್ತಿ, ಬ್ಯಾಂಕಿನ ಹಣ, ಷೇರುಗಳು ಯಾವ ದೇಶದಲ್ಲಿದ್ದರೂ ಲೆಕ್ಕಕ್ಕೆ ಬರುತ್ತವೆ, ಆದರೆ ತಂದೆತಾಯಿಯ ಆಸ್ತಿಯಲ್ಲಿ ಹೆಚ್ಚೆಂದರೆ ನೂರಕ್ಕೆ 5.64ರಷ್ಟನ್ನು ಮಾತ್ರ ಓದಿಗೆ ಒದಗಬಲ್ಲ ಹಣವೆಂದು ಎಣಿಸುತ್ತಾರೆ. ಸೈಟಿನ ಇಂದಿನ ಮಾರುಕಟ್ಟೆ ಬೆಲೆಯಿಂದ ಅದರ ಮೇಲಿನ ಸಾಲ ಕಳೆದು 40,000 ಡಾಲರು ಉಳಿಯಿತು ಎನ್ನಿ, ವರ್ಷಕ್ಕೆ ಗರಿಷ್ಠ 2,256 ಡಾಲರಿನ ವ್ಯತ್ಯಾಸ. ಮಗಳ ಹೆಸರಿನಲ್ಲೇ ಇಟ್ಟ ಹಣಕ್ಕಾದರೆ ನೂರಕ್ಕೆ 20 ಎಣಿಸುತ್ತಾರೆ, ಹಾಗಾಗಿ ಅಜ್ಜಿ ಪ್ರೀತಿಯಿಂದ ಮೊಮ್ಮಗಳ ಹೆಸರಿಗೆ ಮಾಡಿಸಿದ ಠೇವಣಿ ಸೈಟಿಗಿಂತ ಭಾರವಾಗಬಹುದು.

ಜಮೀನಿನ ಮಾತು ಪಹಣಿಯಲ್ಲಿದೆ. ಪಹಣಿ ಇನ್ನೂ ನಿಮ್ಮ ಮಾವನವರ ಹೆಸರಿನಲ್ಲಿದ್ದರೆ ಅದು ನಿಮ್ಮ ಆಸ್ತಿಯಲ್ಲ. ಅಣ್ಣತಮ್ಮಂದಿರ ಹೆಸರಿಗೆ ಜಂಟಿಯಾಗಿ ಬಂದಿದ್ದರೆ ನಿಮ್ಮ ಯಜಮಾನರ ಪಾಲನ್ನಷ್ಟೇ ತೋರಿಸಬೇಕು. ಕುಟುಂಬ ವಾಸಿಸುವ ಕೃಷಿಭೂಮಿಗೆ 2026-27ರಿಂದ ಮತ್ತೆ ವಿನಾಯಿತಿ ಬಂದಿದೆ, ಆದರೆ ನೀವು ಎಡಿಸನ್ನಿನಲ್ಲಿ ಕುಳಿತು ತೋಟದಲ್ಲಿ ವಾಸಿಸುತ್ತೇವೆಂದು ಹೇಳಲಾಗದು.

ಈ ಲೆಕ್ಕದ ಕೊನೆಗೆ ಎಸ್‌ಎಐ (ಸ್ಟೂಡೆಂಟ್ ಏಡ್ ಇಂಡೆಕ್ಸ್) ಎಂಬ, ನೆರವಿನ ಅಗತ್ಯವನ್ನು ಅಳೆಯುವ ಒಂದು ಸಂಖ್ಯೆ ಬರುತ್ತದೆ, ಅದು ಸೊನ್ನೆಗಿಂತ ಕೆಳಗೆ 1,500ರವರೆಗೂ ಇಳಿಯಬಹುದು. ಅದು ಸಾಕಷ್ಟು ಕಡಿಮೆಯಿದ್ದರೆ ಕೇಂದ್ರ ಸರ್ಕಾರದ ಪೆಲ್ ಗ್ರಾಂಟ್ ಸಿಗುತ್ತದೆ. 2025-26ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರು, ತೀರಿಸಬೇಕಾದ ಹಣವಲ್ಲ. ಫಾಫ್ಸಾ ಮುಗಿದ ಕೂಡಲೇ ನ್ಯೂಜೆರ್ಸಿಯ ಹೆಚ್ಚುವರಿ ಪ್ರಶ್ನೆಗಳಿಗೂ ಉತ್ತರಿಸಿ, ಟ್ಯಾಗ್ (ಟ್ಯೂಷನ್ ಏಡ್ ಗ್ರಾಂಟ್) ಎಂಬ ರಾಜ್ಯದ ಶುಲ್ಕ ನೆರವಿಗೆ ಅದು ಬೇಕು. ಅದಕ್ಕೂ ರಾಜ್ಯದ ನಿವಾಸಿಗಳ ಕಡಿಮೆ ಶುಲ್ಕಕ್ಕೂ ಹನ್ನೆರಡು ತಿಂಗಳ ವಾಸ ಕೇಳುತ್ತಾರೆ, ಮೇ ತಿಂಗಳಿಗೆ ನಿಮ್ಮದು ತುಂಬುತ್ತದೆ. ಬಾಡಿಗೆ ಕರಾರನ್ನು ಜೋಪಾನವಾಗಿಡಿ. ಕೆಲವು ಖಾಸಗಿ ಕಾಲೇಜುಗಳು ಇದರ ಮೇಲೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ ಕೇಳುತ್ತವೆ, ಅದು ವಾಸದ ಮನೆಯನ್ನೂ ಬಿಡದೆ ಕೆದಕುತ್ತದೆ. ವಾರ್ಷಿಕ ಆದಾಯ ಒಂದು ಲಕ್ಷ ಡಾಲರು ಮೀರದವರಿಗೆ ಅದರ ಶುಲ್ಕವಿಲ್ಲ.

ಸಾಲದ ಪ್ರಶ್ನೆಗೆ ನಮ್ಮ ಮನೆಯ ಒಂದು ಸಂಜೆಯೇ ಉತ್ತರ. 2018ರಲ್ಲಿ ಮಗನಿಗೆ ಒಂದು ಕಾಲೇಜಿನಿಂದ ಪತ್ರ ಬಂತು. ಒಟ್ಟು ಖರ್ಚು 68,000, ಒಟ್ಟು ನೆರವು 68,000, ಕೊನೆಯ ಸಾಲಿನಲ್ಲಿ ನೀವು ಕಟ್ಟಬೇಕಾದದ್ದು ಸೊನ್ನೆ. ನಾನು ಕೇಸರಿಬಾತಿಗೆ ರವೆ ಹುರಿಯಲು ಇಟ್ಟೆ. ಯಜಮಾನರು ಕನ್ನಡಕ ಹಾಕಿಕೊಂಡು ಪೆನ್ಸಿಲ್ಲಿನಿಂದ ಒಂದೊಂದೇ ಸಾಲಿಗೆ ಗೆರೆ ಎಳೆದರು. ಗ್ರಾಂಟ್ 22,000, ಅದು ನಿಜವಾದ ನೆರವು. ಮಗನ ಹೆಸರಿನ ಸಾಲ 5,500. ವರ್ಕ್-ಸ್ಟಡಿ 2,500, ಎಂದರೆ ಅವನು ಗ್ರಂಥಾಲಯದಲ್ಲೋ ಕ್ಯಾಂಟೀನಿನಲ್ಲೋ ದುಡಿದು ಗಳಿಸಬೇಕಾದದ್ದು. ಉಳಿದ 38,000 ಪೇರೆಂಟ್ ಪ್ಲಸ್, ಅಂದರೆ ನಾವಿಬ್ಬರು ಮಾಡಬೇಕಾದ ಸಾಲ, ಅದೂ ಒಂದು ವರ್ಷಕ್ಕೆ. ಅಷ್ಟರಲ್ಲಿ ರವೆ ಸೀದಿತ್ತು. ಅವನು ಕೊನೆಗೆ ರಾಜ್ಯದ ಕಾಲೇಜಿಗೆ ಹೋದ.

ಆದ್ದರಿಂದ ಪತ್ರ ಬಂದಾಗ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ಪನ್ನು ಮಾತ್ರ ಒಟ್ಟು ಖರ್ಚಿನಿಂದ ಕಳೆಯಿರಿ. ಮಗಳ ಹೆಸರಿನ ಕೇಂದ್ರ ಸಾಲಕ್ಕೆ ಮೊದಲ ವರ್ಷ 5,500ರ ಮಿತಿಯಿದೆ; ಅದರಲ್ಲಿ 3,500ರವರೆಗಿನ ಸಬ್ಸಿಡೈಸ್ಡ್ ಭಾಗಕ್ಕೆ ಓದುವಷ್ಟು ಕಾಲ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ಅಷ್ಟು ಸಾಲಕ್ಕೆ ನಾನು ಹೆದರುವುದಿಲ್ಲ. ಪೇರೆಂಟ್ ಪ್ಲಸ್‌ಗೆ 2026ರ ಜುಲೈನಿಂದ ಮಗುವೊಂದಕ್ಕೆ ವರ್ಷಕ್ಕೆ 20,000, ಒಟ್ಟು 65,000 ಡಾಲರಿನ ಮಿತಿ ಹಾಕಿದ್ದಾರೆ. ಮಿತಿಯ ಒಳಗಿದ್ದರೂ, ಈ ದೇಶದಲ್ಲಿ ಇನ್ನೂ ಬೇರೂರದ ನೀವು ಅದಕ್ಕೆ ಕೈ ಹಾಕಬಾರದೆಂದೇ ನನ್ನ ಅಭಿಪ್ರಾಯ. ಮಧ್ಯೆ ಕೆಲಸ ಹೋದರೆ ಅಥವಾ ಆಸ್ಪತ್ರೆಯ ಖರ್ಚು ಬಂದರೆ ಕಾಲೇಜಿನ ನೆರವು ಕಚೇರಿಗೆ ದಾಖಲೆ ಸಮೇತ ಬರೆದು ಮರುಪರಿಶೀಲನೆ ಕೇಳಬಹುದು. ಅದು ಅಂಗಲಾಚುವುದಲ್ಲ, ಅಲ್ಲಿನವರ ದಿನನಿತ್ಯದ ಕೆಲಸ.

ಕೌಂಟಿ ಕಾಲೇಜನ್ನು, ಅಂದರೆ ಇಲ್ಲಿನ ಜಿಲ್ಲಾಮಟ್ಟದ ಎರಡು ವರ್ಷದ ಸಾರ್ವಜನಿಕ ಕಾಲೇಜನ್ನು, ನೀವು ಪತ್ರದಲ್ಲಿ ತುಸು ಹಗುರವಾಗಿ ಕಂಡಂತಿದೆ. ಅಲ್ಲಿ ಎರಡು ವರ್ಷ ಓದಿ ಎಎ ಅಥವಾ ಎಎಸ್ ಎಂಬ ಅಸೋಸಿಯೇಟ್ ಪದವಿ ಪಡೆದವರ ಕ್ರೆಡಿಟ್‌ಗಳನ್ನು, ಅಂದರೆ ಓದಿ ಮುಗಿಸಿದ ಪಾಠಗಳ ಲೆಕ್ಕವನ್ನು, ನ್ಯೂಜೆರ್ಸಿಯ ನಾಲ್ಕು ವರ್ಷದ ಸಾರ್ವಜನಿಕ ಕಾಲೇಜುಗಳು ಒಪ್ಪಿಕೊಳ್ಳುವ ರಾಜ್ಯಮಟ್ಟದ ಒಡಂಬಡಿಕೆ 2008ರಿಂದ ಇದೆ. ಪಟ್ಟಿಯಲ್ಲಿ ಅದೂ ಒಂದಿರಲಿ.

ಫಾಫ್ಸಾ ಈಗಾಗಲೇ ತೆರೆದಿದೆ. ಈ ಶನಿವಾರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾತೆಗಳನ್ನು ತೆರೆಯಿರಿ, ಅವಳ ಗ್ರೀನ್ ಕಾರ್ಡ್ ಕೈಗೆ ಸಿಗುವಂತಿರಲಿ, ಅದರ ಮೇಲಿನ ಎ-ಸಂಖ್ಯೆ ಕೇಳುತ್ತಾರೆ. ವಸಂತದಲ್ಲಿ ಕಾಲೇಜುಗಳ ಪತ್ರ ಬಂದಾಗ ಹೆಸರು, ವಿಳಾಸ ಮರೆಮಾಡಿ ನನಗೂ ಒಂದು ಪ್ರತಿ ಕಳುಹಿಸಿ. ಆ ಪೆನ್ಸಿಲ್ ಇನ್ನೂ ಮನೆಯಲ್ಲಿದೆ.