ಪ್ರತಿಕ್ರಿಯೆ: 8 ತಿಂಗಳ ಪಾಪುಗೆ ಗೊರಗೊರ, ಮಂಡಕ್ಕಿ ಭಟ್ಟಿ ಹೊಗೆಯಿಂದಾನಾ?

ಮೊದಲು ದೊಡ್ಡ ಮಗಳಿಗೆ ನೆಗಡಿ, ಮೂರು ದಿನ ಬಿಟ್ಟು ಪಾಪುಗೆ ಗೊರಗೊರ ಅಂದಿದ್ದೀರಲ್ಲ, ಇದು ವೈರಸ್ಸೇ ಇರಬೇಕು. ಭಟ್ಟಿ ಹೊಗೆ ಕೆಮ್ಮು ಜಾಸ್ತಿ ಮಾಡುತ್ತದೆ, ನಿಜ. ಆದರೆ ಹೊಗೆಯಿಂದ ನೆಗಡಿ ಹರಡುವುದಿಲ್ಲ ಅಲ್ವಾ? ವರ್ಷದೊಳಗಿನ ಮಕ್ಕಳಲ್ಲಿ ಹೀಗೆ ಎದೆಗಿಳಿಯುವುದು ಹೆಚ್ಚಾಗಿ ಆರ್‌ಎಸ್‌ವಿ ಅನ್ನೋ ಉಸಿರಾಟದ ವೈರಸ್ಸಿನಿಂದ. ಮಾಮೂಲಿ ನೆಗಡಿ ತರುವ ರೈನೋವೈರಸ್ಸೂ ಆಗಿರಬಹುದು, ಸುಮ್ನೆ ನೋಡಿ ಹೇಳಲು ಆಗುವುದಿಲ್ಲ. ಯಾವುದಾದರೂ ಆರೈಕೆ ಒಂದೇ.

ಮೊದಲು ಉಸಿರು ಎಣಿಸಿ. ಮಗು ನಿದ್ದೆಯಲ್ಲಿದ್ದಾಗ ಅಂಗಿ ಮೇಲೆತ್ತಿ, ಮೊಬೈಲ್ ಪಕ್ಕದಲ್ಲಿಟ್ಟು ಪೂರ್ತಿ 60 ಸೆಕೆಂಡ್ ನೋಡಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. 50 ಅಥವಾ ಜಾಸ್ತಿ ಬಂದರೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಹಾಲು ಕುಡಿಯುವುದು ಅರ್ಧಕ್ಕಿಳಿದರೆ ಕಾಯಬೇಡಿ. ರಾತ್ರಿಯಾದರೂ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೊರಡಿ. ತುಟಿ ನೀಲಿಯಾದರೆ ತಕ್ಷಣ 108.

ಇದ್ಯಾವುದೂ ಇಲ್ಲದಿದ್ದರೆ, ಹಾಲು ಕುಡಿಸುವ ಮುಂಚೆ ಎರಡೂ ಹೊಳ್ಳೆಗೆ ಸಲೈನ್ (ಉಪ್ಪುನೀರಿನ) ಡ್ರಾಪ್ಸ್ ಹಾಕಿ. ಐದು ನಿಮಿಷ ಬಿಟ್ಟು ಸ್ವಲ್ಪ ಸ್ವಲ್ಪವೇ ಪದೇಪದೇ ಕುಡಿಸಿ. ನನ್ನ ಮಗ ಎರಡು ಗುಟುಕಿಗೇ ಅಳುತ್ತಿದ್ದ. ಮೂಗು ಬಿಟ್ಟ ಮೇಲೆ ಕುಡಿದ. ಅಜ್ಜಿ ಜೇನುತುಪ್ಪ ನೆಕ್ಕಿಸಲು ಬಂದರೆ ತಡೆಯಿರಿ, ವರ್ಷ ತುಂಬುವವರೆಗೆ ಬೇಡವೇ ಬೇಡ. ಲೋಬಾನದ ಹೊಗೆಯೂ ಬೇಡ. ಅಕ್ಕನಿಗೆ ತಂದು ಉಳಿದ ಆಂಟಿಬಯೋಟಿಕ್ ಕೊಡಲಾ ಅಂತ ಕೇಳಿದ್ದೀರಿ. ಕೊಡಬೇಡಿ, ವೈರಸ್ಸಿಗೆ ಅದು ನಾಟುವುದಿಲ್ಲ. ಕೆಮ್ಮಿನ ಸಿರಪ್ಪೂ ನೀವಾಗಿಯೇ ಹಾಕಬೇಡಿ.

ಸಾಮಾನ್ಯವಾಗಿ ಮೂರರಿಂದ ಐದನೇ ದಿನ ಜೋರಾಗಿರುತ್ತದೆ. ನಿಮ್ಮದು ಇನ್ನೂ ಎರಡನೇ ದಿನ. ಇವತ್ತು ಉಸಿರು ಸರಿ ಇದ್ದರೂ ನಾಳೆ, ನಾಡಿದ್ದು ಬೆಳಿಗ್ಗೆ ಸಂಜೆ ಎಣಿಸಿ ಬರೆದಿಡಿ. ಡಾಕ್ಟರ್ ಮೊದಲು ಕೇಳುವುದೇ ಅದನ್ನ.