ಇಂಗ್ಲಿಷ್ ಕಲಿಸುವ ಎಂ.ಎ.: ಸ್ಯಾನ್ ಹೋಸೆಗೆ ಹೊಸದಾಗಿ ಬಂದವರಿಗೆ

ನಮಸ್ಕಾರ. ಶಿವಮೊಗ್ಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ, ಗಂಡನ ಕೆಲಸಕ್ಕಾಗಿ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾ ಇರುವವರ ಹೆಂಡತಿ ಅಥವಾ ಗಂಡ, ಮಕ್ಕಳಿಗೆ ಕೊಡುವ ವೀಸಾ) ಈಗಷ್ಟೇ ಬಂದೆ ಎಂದು ಬರೆದಿದ್ದೀರಿ. ಇಲ್ಲಿ ಟೀಸಾಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ವಿಷಯ) ಎಂ.ಎ. ಮಾಡಿದರೆ ನಮ್ಮಂಥವರನ್ನು ಇಂಗ್ಲಿಷ್ ಕಲಿಸೋಕೆ ತಗೋತಾರಾ ಅಂತ ಕೇಳಿದ್ದೀರಿ. ಖಂಡಿತ ತಗೋತಾರೆ. ಅದೇ ಎಂ.ಎ. ಮಾಡಿ ನಾನು ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜುಗಳು) ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ.

ಮೊದಲು ವೀಸಾ. ಎಚ್-4ನಲ್ಲೇ ಓದಬಹುದು. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕಿಂತ ಜಾಸ್ತಿ ನೆಲೆಸಿ ಅದಕ್ಕೆ ದಾಖಲೆ ಕೊಟ್ಟರೆ, ಸರ್ಕಾರಿ ಯೂನಿವರ್ಸಿಟಿಯಲ್ಲಿ ಈ ರಾಜ್ಯದವರ ಕಡಿಮೆ ಫೀಸು ನಿಮಗೂ ಸಿಗುತ್ತದೆ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರಿಗೆ ಅದು ಸಿಗುವುದಿಲ್ಲ. ಆದರೆ ಕೆಲಸ ಮಾಡಬೇಕಾದರೆ ಇಎಡಿ, ಅಂದರೆ ಕೆಲಸದ ಪರವಾನಗಿ ಬೇಕು. ಅದಕ್ಕೆ ಸಾಮಾನ್ಯವಾಗಿ ಗಂಡನ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿರಬೇಕು. ಎಫ್-1ಗೆ ಬದಲಾದರೆ ಓಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ ಇದೆ, ಅದೂ 12 ತಿಂಗಳು ಮಾತ್ರ. ನಮ್ಮದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಕೋರ್ಸ್ ಅಲ್ವಲ್ಲ, ಸಾಫ್ಟ್‌ವೇರ್ ಓದಿದವರಿಗೆ ಸಿಗುವ ಇನ್ನೂ 24 ತಿಂಗಳು ನಮಗಿಲ್ಲ. ಹಾಗಾಗಿ ಐ-140 ಎಲ್ಲಿಗೆ ಬಂತು ಅಂತ ಇವತ್ತೇ ಮನೆಯಲ್ಲಿ ಕೇಳಿ.

ಇನ್ನು ಕೆಲಸದ ವಿಚಾರ. ಕಮ್ಯುನಿಟಿ ಕಾಲೇಜಿಗೆ ಈ ಎಂ.ಎ. ಸಾಕು. ಸರ್ಕಾರಿ ಶಾಲೆಗೆ ರಾಜ್ಯದ ಟೀಚಿಂಗ್ ಕ್ರೆಡೆನ್ಷಿಯಲ್ (ಶಿಕ್ಷಕರ ಪರವಾನಗಿ) ಬೇರೆ ಆಗಬೇಕು. ಕಾಲೇಜುಗಳಲ್ಲಿ ಶುರುವಿಗೆ ಸಿಗುವುದು ಹೆಚ್ಚಾಗಿ ಪಾರ್ಟ್‌ಟೈಮ್. ಒಂದು ಕಾಲೇಜು ಡಿಸ್ಟ್ರಿಕ್ಟಿನವರು (ಒಂದು ಪ್ರದೇಶದ ಕಮ್ಯುನಿಟಿ ಕಾಲೇಜುಗಳನ್ನು ನಡೆಸುವ ಆಡಳಿತದವರು) ಪಾರ್ಟ್‌ಟೈಮಿನವರಿಗೆ ಪೂರ್ಣ ಕೆಲಸದ 67 ಪರ್ಸೆಂಟಿಗಿಂತ ಜಾಸ್ತಿ ಪಾಠ ಕೊಡುವಂತಿಲ್ಲ. ಅದಕ್ಕೇ ಬೆಳಿಗ್ಗೆ ಒಂದೂರು, ಸಂಜೆ ಇನ್ನೊಂದೂರು ಅಂತ ಓಡಾಡುತ್ತೇವೆ. ಇದೊಂದೇ ಸಂಬಳದಲ್ಲಿ ಮನೆ ನಡೆಯಬೇಕು ಅಂದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ಆದರೂ ಈ ಕೆಲಸ ನನಗೆ ಬಹಳ ಇಷ್ಟ. ಸಂಜೆ ಕ್ಲಾಸಿಗೆ ಮೆಕ್ಸಿಕೊ, ವಿಯೆಟ್ನಾಂ, ಇಥಿಯೋಪಿಯಾದವರು ದಿನವಿಡೀ ದುಡಿದು ಬಂದು ಕೂರುತ್ತಾರೆ. ಬಸ್ಸಿನ ವೇಳಾಪಟ್ಟಿ ಕೈಗೆ ಕೊಟ್ಟು, ಎಂಟೂವರೆಗೆ ಆಸ್ಪತ್ರೆಯಲ್ಲಿರಬೇಕು, ಯಾವ ಬಸ್ ಹಿಡೀತೀರಿ ಅಂತ ಕೇಳುತ್ತೇನೆ. ಅದು ಲೇಟಾಗುತ್ತೆ, ಇದು ಭಾನುವಾರ ಇಲ್ಲ ಅಂತ ತಮ್ಮತಮ್ಮಲ್ಲೇ ವಾದ ಶುರು. ಬಾಯಿ ಬಿಡದವರೂ ಆಗ ಇಂಗ್ಲಿಷ್ ಮಾತಾಡುತ್ತಾರೆ. ಹೀಗೆ ಕೆಲಸ ಕೊಟ್ಟು ಭಾಷೆ ಕಲಿಸುವ ಪ್ರಯೋಗವನ್ನು 1979ರಿಂದ 1984ರವರೆಗೆ ನಮ್ಮ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಮಾಡಿ ನೋಡಿದವರು ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು. ರೈಲಿನ ವೇಳಾಪಟ್ಟಿ, ನಕ್ಷೆ ಇಟ್ಟುಕೊಂಡೇ ಅವರು ಪಾಠ ಮಾಡಿಸಿದ್ದು. ಇಲ್ಲಿನ ಎಂ.ಎ.ಯಲ್ಲಿ ಅದನ್ನು ಬೆಂಗಳೂರು ಪ್ರಾಜೆಕ್ಟ್ ಅಂತ ಓದಿದಾಗ ನನಗೆಷ್ಟು ಹೆಮ್ಮೆಯಾಯಿತು ಗೊತ್ತಾ!

ಮಾತೃಭಾಷೆ ಇಂಗ್ಲಿಷ್ ಅಲ್ಲ ಅಂತ ಕುಗ್ಗಬೇಡಿ. ಇಂಗ್ಲಿಷಿನ 'ದಿ' (the) ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅಂತ ವಿಯೆಟ್ನಾಂನವರು ಕೇಳಿದರೆ ನಮಗೆ ಆ ಕಷ್ಟ ತಕ್ಷಣ ಅರ್ಥವಾಗುತ್ತದೆ. ನಾವೂ ಅದನ್ನು ನಿಯಮ ಕಲಿತೇ ದಾಟಿ ಬಂದವರಲ್ವಾ?

ಸ್ಯಾನ್ ಹೋಸೆ ಸ್ಟೇಟ್‌ನಲ್ಲೂ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲೂ ಈ ಎಂ.ಎ. ಇದೆ. ದೊಡ್ಡವರ ಕ್ಲಾಸಿನಲ್ಲಿ ನಿಂತು ಪಾಠ ಮಾಡುವ ಪ್ರಾಕ್ಟಿಕಮ್ ಎಷ್ಟಿದೆ ಅಂತ ಎರಡೂ ಕಡೆ ವಿಚಾರಿಸಿ. ರಾಜ್ಯದ ಫೀಸಿಗೆ ಕಾಯುವ ಈ ವರ್ಷ ಸುಮ್ನೆ ಕೂರಬೇಡಿ. ಹತ್ತಿರದ ಲೈಬ್ರರಿಯಲ್ಲಿ ಇಂಗ್ಲಿಷ್ ಹೇಳಿಕೊಡುವ ಸ್ವಯಂಸೇವಕರು ಬೇಕಾ ಅಂತ ಕೇಳಿ ನೋಡಿ.