ಜಿಂಕೆ ಬೇಟೆಯಲ್ಲಿ ಗುಂಡು ಎಲ್ಲಿಗೆ ಹೊಡೆಯಬೇಕು? ರೋಗ ಇರುವಾಗ ಆ ಮಾಂಸ ತಿನ್ನಬಹುದಾ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ಗೆ ಹೊಸದಾಗಿ ಬಂದಿದ್ದೀರಿ, ಆಫೀಸಿನ ಗೆಳೆಯರು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಕರೆಯುತ್ತಿದ್ದಾರೆ. ಪ್ರಾಣಿ ನರಳಬಾರದು ಅಂದರೆ ತಲೆಗೇ ಹೊಡೆಯುವುದು ಒಳ್ಳೆಯದಲ್ವಾ, 'ಜಾಂಬಿ ಜಿಂಕೆ' ರೋಗ ಇರುವಾಗ ಮಾಂಸ ತಿನ್ನಬಹುದಾ ಅಂತ ಕೇಳಿದ್ದೀರಿ. ನಾನೂ ವಿಸ್ಕಾನ್ಸಿನ್‌ನಲ್ಲೇ ಇದ್ದು ಬೇಟೆಗೆ ಹೋಗುವವನು. ನನ್ನ ಪ್ರಕಾರ ನಿಮ್ಮ ಎರಡು ಪ್ರಶ್ನೆಗೂ ಮುಕ್ಕಾಲು ಪಾಲು ಉತ್ತರ ಒಂದೇ: ಎದೆಗೂಡಿಗೆ ಹೊಡೆಯಿರಿ, ತಲೆ ಬೇಡ.

ಗುಂಡು ಮಿದುಳಿಗೇ ಬಿದ್ದರೆ ಜಿಂಕೆ ನಿಂತಲ್ಲೇ ಬೀಳುತ್ತದೆ, ನಿಜ. ಆದರೆ ಅದರ ಮಿದುಳು ನಿಮ್ಮ ಮುಷ್ಟಿಗಿಂತ ಚಿಕ್ಕದು. ತಲೆಯೂ ಒಂದು ಕ್ಷಣ ಸುಮ್ಮನಿರುವುದಿಲ್ಲ. ಮೇಯುತ್ತದೆ, ಎತ್ತುತ್ತದೆ, ಕಿವಿ ತಿರುಗಿಸಿ ಹಿಂದೆ ನೋಡುತ್ತದೆ. ಎರಡು ಮೂರು ಅಂಗುಲ ತಪ್ಪಿದರೆ ದವಡೆ ಒಡೆಯುತ್ತದೆ. ದವಡೆ ಒಡೆದ ಜಿಂಕೆ ಓಡಿಹೋಗುತ್ತದೆ, ಸಿಗುವುದಿಲ್ಲ. ಮೇಯಲಾಗದೆ, ನೀರು ಕುಡಿಯಲಾಗದೆ ದಿನಗಟ್ಟಲೆ ಒದ್ದಾಡಿ ಸಾಯುತ್ತದೆ. ಕುತ್ತಿಗೆಯ ಕಥೆಯೂ ಹೆಚ್ಚುಕಡಿಮೆ ಇದೇ.

ಎದೆಗೂಡಿನಲ್ಲಿ ಹೃದಯ ಮತ್ತು ಎರಡು ಶ್ವಾಸಕೋಶ ಸೇರಿ ಸುಮಾರು 8 ಅಂಗುಲ ಅಗಲದ ಜಾಗ ಸಿಗುತ್ತದೆ. ಸ್ವಲ್ಪ ಆಚೀಚೆ ಆದರೂ ಕೆಲಸ ಆಗುತ್ತದೆ. ಜಿಂಕೆ ಪೂರ್ತಿ ಅಡ್ಡಕ್ಕೆ ನಿಂತಿರಬೇಕು. ಮುಂಗಾಲಿನ ಹಿಂಬದಿಯ ಗೆರೆಯನ್ನೇ ಹಿಡಿದು ಕಣ್ಣನ್ನು ಮೇಲಕ್ಕೆ ತನ್ನಿ. ಎದೆಯ ಕೆಳಗಿನ ಅಂಚಿನಿಂದ ಎತ್ತರದ ಮೂರನೇ ಒಂದು ಭಾಗದಷ್ಟು ಮೇಲೆ ಗುರಿ ಇಡಿ. ಎರಡೂ ಶ್ವಾಸಕೋಶ ತೂತಾದ ಜಿಂಕೆ ನೂರು ಗಜದಷ್ಟು ಓಡಬಹುದು, ಆದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತದೆ. ಅದು ನಿಮ್ಮಿಂದ ಸ್ವಲ್ಪ ಆಚೆಗೆ ತಿರುಗಿ ನಿಂತಿದ್ದರೂ ಪರವಾಗಿಲ್ಲ. ಆಗ ಗುಂಡು ಆಚೆ ಬದಿಯ ಮುಂಗಾಲಿನ ಕಡೆಗೆ ಹೊರಡಬೇಕು ಅಂತ ಲೆಕ್ಕ ಹಾಕಿ, ಈಚೆ ಬದಿಯಲ್ಲಿ ಇನ್ನೂ ಸ್ವಲ್ಪ ಹಿಂದಕ್ಕೆ ಗುರಿ ಇಡಬೇಕು. ಮರದ ಮೇಲಿನ ಅಟ್ಟಣಿಗೆಯಿಂದ ಹೊಡೆಯುವಾಗಲೂ ಇದೇ ಲೆಕ್ಕ: ಗುಂಡು ಎಲ್ಲಿ ಒಳಹೋಗುತ್ತದೆ ಅನ್ನುವುದಕ್ಕಿಂತ ಎಲ್ಲಿ ಹೊರಬರುತ್ತದೆ ಅಂತ ಯೋಚಿಸಿ.

ಓಡುತ್ತಿದ್ದರೆ, ಬೆನ್ನು ತೋರಿಸಿ ನಿಂತಿದ್ದರೆ, ದಿಬ್ಬದ ತುದಿಯಲ್ಲಿ ನಿಂತು ಹಿಂದೆ ಬರೀ ಆಕಾಶ ಕಾಣುತ್ತಿದ್ದರೆ ಟ್ರಿಗರ್ ಮುಟ್ಟಬೇಡಿ. ಆ ದಿಬ್ಬದ ಆಚೆ ಯಾರ ಮನೆ ಇದೆಯೋ ಯಾರಿಗೆ ಗೊತ್ತು?

ಹೊಡೆದ ಮೇಲೆ ಹೊಸಬರು ಮಾಡುವ ಕೆಲಸ ಅಂದರೆ ಹಿಂದೆಯೇ ಓಡುವುದು. ಓಡಬೇಡಿ. ಇನ್ನೊಂದು ಗುಂಡು ತುಂಬಿಕೊಂಡು, ಅದು ಯಾವ ಮರದ ಪಕ್ಕ ಮರೆಯಾಯಿತು ಅಂತ ಗುರುತು ಇಟ್ಟುಕೊಂಡು ಅರ್ಧ ಗಂಟೆ ಕೂತಿರಿ. ಆಮೇಲೆ ರಕ್ತ ನೋಡಿ. ಗುಲಾಬಿ ಬಣ್ಣ, ನೊರೆನೊರೆ ಇದ್ದರೆ ಶ್ವಾಸಕೋಶ, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪು ಇದ್ದರೆ ಲಿವರ್, ಇನ್ನೂ ಕೆಲವು ಗಂಟೆ ಕಾಯಬೇಕು. ಹಸಿರು ಬಣ್ಣ, ಅರ್ಧ ಅರಗಿದ ಮೇವಿನ ವಾಸನೆ ಬಂದರೆ ಹೊಟ್ಟೆಗೆ ಬಿದ್ದಿದೆ ಅಂತ ಅರ್ಥ. ಆಗ ಅರ್ಧ ದಿನವಾದರೂ ಬಿಡಬೇಕು. ಇದು ಕ್ರೂರ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಅವಸರದಲ್ಲಿ ಎಬ್ಬಿಸಿದರೆ ಅದು ಮೈಲಿಗಟ್ಟಲೆ ಹೋಗುತ್ತದೆ, ದಾರಿಯಲ್ಲಿ ರಕ್ತವೂ ಬೀಳುವುದಿಲ್ಲ, ಕೊನೆಗೆ ಒಂಟಿಯಾಗಿ ಸಾಯುತ್ತದೆ.

ಇನ್ನು ರೋಗ. ಅದರ ಹೆಸರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಎಲ್ಲರೂ ಸಿಡಬ್ಲ್ಯುಡಿ ಅನ್ನುತ್ತಾರೆ. 'ಜಾಂಬಿ' ಅನ್ನುವುದು ಟಿವಿಯವರ ಹಾವಳಿ. 1967ರಲ್ಲಿ ಕೊಲೊರಾಡೊದ ಒಂದು ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಜಿಂಕೆಗಳಲ್ಲಿ ಮೊದಲು ಕಾಣಿಸಿತು. ವಿಸ್ಕಾನ್ಸಿನ್‌ನಲ್ಲಿ ಗೊತ್ತಾಗಿದ್ದು 2002ರ ಫೆಬ್ರವರಿಯಲ್ಲಿ, ಅದೂ ನಿಮ್ಮ ಮ್ಯಾಡಿಸನ್‌ನಿಂದ ಸ್ವಲ್ಪ ಪಶ್ಚಿಮಕ್ಕಿರುವ ಮೌಂಟ್ ಹೋರೆಬ್ ಹತ್ತಿರ. ಇದಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಅನ್ನುವ, ತಪ್ಪಾಗಿ ಮಡಚಿಕೊಂಡ ಒಂದು ಪ್ರೋಟೀನ್. ಹುಚ್ಚು ಹಸು ರೋಗದ್ದೇ ಜಾತಿ. ಎಷ್ಟು ಬೇಯಿಸಿದರೂ, ಕುಕ್ಕರ್‌ನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಸಾಯುವುದಿಲ್ಲ, ಸಾಯುವುದಕ್ಕೆ ಅದರಲ್ಲಿ ಜೀವವೇ ಇಲ್ಲ.

ಜೊಲ್ಲು ಸುರಿಸಿಕೊಂಡು ಎಲುಬು ಕಾಣುವ ಹಾಗೆ ಸೊರಗಿದ ಜಿಂಕೆ ಮಾತ್ರ ರೋಗದ್ದು ಅಂದುಕೊಳ್ಳಬೇಡಿ. ಸೋಂಕು ತಗಲಿ ಲಕ್ಷಣ ಕಾಣಿಸಲು ಒಂದೂವರೆ ಎರಡು ವರ್ಷ ಬೇಕು. ಪರೀಕ್ಷೆಯಲ್ಲಿ ಪಾಸಿಟಿವ್ ಬರುವ ಜಿಂಕೆಗಳಲ್ಲಿ ಹೆಚ್ಚಿನವು ನೋಡಲು ಗುಂಡುಗುಂಡಾಗಿ ಚೆನ್ನಾಗಿಯೇ ಇರುತ್ತವೆ. ನೈರುತ್ಯ ವಿಸ್ಕಾನ್ಸಿನ್‌ನ ಕೆಲವು ಕಡೆ ಬಲಿತ ಗಂಡು ಜಿಂಕೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿಗೆ ಈ ಸೋಂಕಿದೆ.

ಮನುಷ್ಯರಿಗೆ ಇದು ಬಂದ ಖಚಿತ ಪ್ರಕರಣ ಇದುವರೆಗೆ ಒಂದೂ ಇಲ್ಲ. ಹಾಗಿದ್ದರೂ ಪಾಸಿಟಿವ್ ಬಂದ ಪ್ರಾಣಿಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗ 1986ರಲ್ಲಿ ಗೊತ್ತಾಯಿತು. ಅದು ಮನುಷ್ಯರಿಗೂ ಬರುತ್ತದೆ ಅಂತ ಸರ್ಕಾರ ಒಪ್ಪಿಕೊಂಡಿದ್ದು 1996ರಲ್ಲಿ. ಆ ಹತ್ತು ವರ್ಷ ನೆನಪಿದ್ದವರು ಯಾರೂ ಇಲ್ಲಿ ಧೈರ್ಯ ತೋರಿಸಲು ಹೋಗುವುದಿಲ್ಲ. ಇಲ್ಲಿ ಕೆಲವು ಹಳಬರು 'ನಾವು ತಿಂದೇ ಬೆಳೆದಿದ್ದೇವೆ, ಏನೂ ಆಗಿಲ್ಲ' ಅನ್ನುತ್ತಾರೆ. ಅವರ ಜೊತೆ ವಾದ ಮಾಡಬೇಡಿ, ಆದರೆ ನಿಮ್ಮ ಮಕ್ಕಳ ತಟ್ಟೆಗೆ ಅದನ್ನು ಬಡಿಸಲೂ ಬೇಡಿ.

ಈಗ ಗುಂಡಿನ ವಿಷಯಕ್ಕೆ ಮತ್ತೆ ಬರೋಣ. ಪ್ರಿಯಾನ್ ಜಾಸ್ತಿ ಇರುವುದು ಮಿದುಳು, ಬೆನ್ನುಹುರಿ, ಕಣ್ಣು, ಗುಲ್ಮ (ಸ್ಪ್ಲೀನ್) ಮತ್ತು ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್). ತಲೆಗೋ ಬೆನ್ನುಮೂಳೆಗೋ ಹೊಡೆದರೆ ಅದನ್ನೆಲ್ಲ ನೀವೇ ಮಾಂಸದ ಮೇಲೆ ಚಿಮ್ಮಿಸಿದ ಹಾಗೆ. ಜೊತೆಗೆ ಪರೀಕ್ಷೆಗೆ ಬೇಕಾಗುವುದು ಗಂಟಲಿನ ಹಿಂದಿರುವ ದುಗ್ಧಗ್ರಂಥಿಗಳು. ತಲೆ ಚೂರಾಗಿದ್ದರೆ ಲ್ಯಾಬಿನವರು ಏನನ್ನು ನೋಡಬೇಕು? ಹೊಟ್ಟೆಗೆ ಬಿದ್ದರೆ ಮಲದ ಬ್ಯಾಕ್ಟೀರಿಯಾ ಮಾಂಸಕ್ಕೆ ಸೇರುತ್ತದೆ. ನೋವು ಕಮ್ಮಿ ಮಾಡುವ ಜಾಗವೇ ಮಾಂಸವನ್ನೂ ಶುದ್ಧವಾಗಿಡುತ್ತದೆ.

ಗುಂಡು ತಾಮ್ರದ್ದಾದರೆ ಒಳ್ಳೆಯದು. ಸೀಸದ ಗುಂಡು ಒಳಗೆ ಪುಡಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ದೂರಕ್ಕೂ ಹರಡುತ್ತವೆ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಕೊಟ್ಟಿದ್ದ ಜಿಂಕೆ ಮಾಂಸವನ್ನು ಇದೇ ಕಾರಣಕ್ಕೆ ಬಿಸಾಡಲು ಹೇಳಿದ್ದರು.

ಸಿಗಿಯುವಾಗ ರಬ್ಬರ್ ಗ್ಲೌಸ್ ಹಾಕಿ. ಬೆನ್ನುಮೂಳೆಯನ್ನು ಗರಗಸದಿಂದ ಕೊಯ್ಯಬೇಡಿ, ಮೂಳೆಯಿಂದ ಮಾಂಸವನ್ನಷ್ಟೇ ಬಿಡಿಸಿಕೊಳ್ಳಿ. ಅಂಗಡಿಯಲ್ಲಿ ಕೊಯ್ಯಿಸುವುದಾದರೆ ನಿಮ್ಮ ಜಿಂಕೆಯನ್ನು ಬೇರೆಯಾಗಿಯೇ ಮಾಡಲು ಹೇಳಿ. ಸಾಸೇಜ್ ಮಾಡುವಾಗ ನಾಲ್ಕು ಜನರ ಮಾಂಸ ಬೆರೆಸುವ ರೂಢಿ ಇದೆ. ಸ್ಟೀಲ್ ಚಾಕುವನ್ನು ಚೆನ್ನಾಗಿ ತೊಳೆದು, ಬಳಿಕ 40 ಪಾಲು ಬ್ಲೀಚ್‌ಗೆ 60 ಪಾಲು ನೀರು ಸೇರಿಸಿ ಅದರಲ್ಲಿ 5 ನಿಮಿಷ ಮುಳುಗಿಸಿಡಿ. 2019ರ ಒಂದು ಅಧ್ಯಯನದಲ್ಲಿ ಇದು ಸಿಡಬ್ಲ್ಯುಡಿ ಪ್ರಿಯಾನ್ ಮೇಲೆ ಕೆಲಸ ಮಾಡಿತ್ತು. ಚಾಕುವಿಗೆ ಅಂಟಿದ ಮಾಂಸದ ಚೂರಿನ ಒಳಗೆ ಮಾತ್ರ ಬ್ಲೀಚ್ ಇಳಿಯುವುದಿಲ್ಲ, ಅದಕ್ಕೇ ಮೊದಲು ತೊಳೆಯಬೇಕು.

ತಲೆಯನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಅಂದರೆ ಡಿಎನ್ಆರ್, ಅಲ್ಲಲ್ಲಿ ಇಟ್ಟಿರುವ ಪೆಟ್ಟಿಗೆಗೆ ಹಾಕಿ. ಪರೀಕ್ಷೆಗೆ ಬೇಟೆಗಾರರು ದುಡ್ಡು ಕೊಡಬೇಕಿಲ್ಲ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ, ಯಾರಿಗೂ ಹಂಚಬೇಡಿ. ಪಾಸಿಟಿವ್ ಬಂದರೆ ಚೀಲದಲ್ಲಿ ಕಟ್ಟಿ ಲ್ಯಾಂಡ್‌ಫಿಲ್‌ಗೆ ಹೋಗುವ ಕಸಕ್ಕೆ ಹಾಕಿ. ಕಾಡಿಗೆ ಎಸೆದರೆ ಪ್ರಿಯಾನ್ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಾಡಿನಿಂದ ಬಂದ ರಾತ್ರಿಯೇ ಮೈಮೇಲೆ ರಕ್ತ ಹೀರುವ ಉಣ್ಣೆ ಹುಳ ಇದೆಯಾ ನೋಡಿಕೊಳ್ಳಿ. ಇಲ್ಲಿ ಆ ಹುಳ ಕಚ್ಚಿ ಬರುವ ಲೈಮ್ ರೋಗ ತಗಲುವ ಸಾಧ್ಯತೆ ಸಿಡಬ್ಲ್ಯುಡಿಗಿಂತ ಎಷ್ಟೋ ಜಾಸ್ತಿ.

ಊರಲ್ಲಿ ಅಪ್ಪ ಅಮ್ಮನಿಗೆ ಹೇಳಿದರೆ ಗಾಬರಿ ಆಗಬಹುದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಹೊಡೆದರೆ ಜೈಲು. ಇಲ್ಲಿ ಜಿಂಕೆಗಳು 10 ಲಕ್ಷಕ್ಕೂ ಜಾಸ್ತಿ ಇವೆ, ಸರ್ಕಾರವೇ ಲೈಸೆನ್ಸ್ ಕೊಟ್ಟು ಕಳಿಸುತ್ತದೆ. ತರಬೇತಿ ಕೋರ್ಸ್ ಆಗಿಲ್ಲದಿದ್ದರೂ ಮೊದಲ ಸಲ ಅನುಭವಿಯೊಬ್ಬರು ಕೈಗೆಟಕುವಷ್ಟು ಹತ್ತಿರ ಇದ್ದರೆ ಹೋಗಲು ಅವಕಾಶ ಇದೆ. ಆದರೆ ಅಕ್ಟೋಬರ್‌ನಲ್ಲೇ ಗೆಳೆಯರ ರೈಫಲ್ ಹಿಡಿದು ರೇಂಜ್‌ಗೆ ಹೋಗಿ. ಕೂತುಕೊಂಡು ಹೊಡೆದ ಗುಂಡುಗಳೆಲ್ಲ 8 ಅಂಗುಲದ ವೃತ್ತದೊಳಗೆ ಎಷ್ಟು ದೂರದವರೆಗೆ ಬೀಳುತ್ತವೋ, ಕಾಡಿನಲ್ಲಿ ನಿಮ್ಮ ಮಿತಿ ಅದಕ್ಕಿಂತ ಸ್ವಲ್ಪ ಕಮ್ಮಿ.